ಕುಂಬಳಕಾಯಿಗೆ ಮೊದಲ ಏಟು

ಕಟ್ಟೆಮಳಲವಾಡಿಯ ಜಯಲಕ್ಷ್ಮಮ್ಮನ ಪ್ರಕಾರ, ಅವಳ ಗಂಡ ಪುಟ್ಟಸ್ವಾಮಿಯಿಂದ ಈ ಭೂಮಿಗೆ ಆಗುತ್ತಿದ್ದ ಏಕೈಕ ಉಪಕಾರವೆಂದರೆ ಜಗಲಿಯ ಮೇಲೆ ಧೂಳು ಕೂರದಂತೆ ತಾನು ಕೂತಿರುವುದು. ಮನೆ ಹಿಂದಿನ ಹತ್ತು ಗುಂಟೆಯಲ್ಲಿ ಕುಂಬಳದ ಬೀಜ ಊರಿದವಳು ಅವಳು, ಗೊಬ್ಬರ ಹೊತ್ತವಳು ಅವಳು, ದೀಪಾವಳಿ ಹೊತ್ತಿಗೆ ಹದಿನಾಲ್ಕು ಕಾಯಿ ಕಿತ್ತು ಅಟ್ಟಕ್ಕೆ ಏರಿಸಿದವಳೂ ಅವಳೇ. ಪುಟ್ಟಸ್ವಾಮಿ ಮಾತ್ರ ಕೂತಲ್ಲಿಂದಲೇ ಬಳ್ಳಿಗೆ ನೀರು ಸಾಲದೆಂದು ಎರಡು ಸಲ ಅಪ್ಪಣೆ ಕೊಡಿಸಿದ್ದ. (ಎರಡು ಸಲವೂ ಮಳೆ ಸುರಿಯುತ್ತಿತ್ತು.)

ಆ ಭಾನುವಾರ ಊಟಕ್ಕೆ ಕೆ.ಆರ್. ನಗರದಿಂದ ನಾದಿನಿ ಸುಧಾ ಬರುವವಳಿದ್ದಳು. ಹೋದ ವರ್ಷ ಬಂದಾಗ ಈ ಮಹಾತಾಯಿ, ಅತ್ತಿಗೆಯ ಅಡುಗೆಯಲ್ಲಿ ಉಪ್ಪು, ಹುಳಿ, ಖಾರ ಎಲ್ಲ ಇದೆ, ರುಚಿ ಒಂದಿಲ್ಲ ಎಂದು ನೆಂಟರೆದುರಿಗೆ ತೀರ್ಪು ಕೊಟ್ಟು ಹೋಗಿದ್ದಳು. ಅಂದಿನಿಂದ ಜಯಲಕ್ಷ್ಮಮ್ಮನ ಹೊಟ್ಟೆ ಉರಿಯುತ್ತಲೇ ಇತ್ತು. ಅಲಸಂದೆ ಕಾಳು ಹಾಕಿದ ಕುಂಬಳಕಾಯಿ ಹುಳಿ, ಮೇಲೊಂದು ಸಿಹಿ ಕಡುಬು ಮಾಡಿ, ಇವತ್ತು ಅದೇ ಬಾಯಿಂದ ಹೊಗಳಿಸಿಕೊಳ್ಳಬೇಕೆಂದು ಹಟ ಹಿಡಿದಿದ್ದಳು.

ಬೆಳಿಗ್ಗೆ ಕಾಫಿ ಕೊಡುವಾಗ, "ನಿಮ್ಮಿಂದ ಈ ಮನೆಗೆ ಮೂರು ಕಾಸಿನ ಪ್ರಯೋಜನ ಇಲ್ಲ ಕಣ್ರೀ" ಎಂದಳು. ದಿನವೂ ಹೇಳುವ ಮಾತು. ಪುಟ್ಟಸ್ವಾಮಿ ದಿನವೂ ಅದನ್ನು ಕಾಫಿಯ ಜೊತೆ ನುಂಗುತ್ತಿದ್ದ. ಇವತ್ತು ನುಂಗಲಿಲ್ಲ.

"ಅಂಗಾದ್ರೆ ಕುಂಬಳಕಾಯಿ ನೀನೇ ಒಡ್ಕೊ" ಎಂದ.

ಜಯಲಕ್ಷ್ಮಮ್ಮ ತಣ್ಣಗಾದಳು. ಇಡೀ ಕುಂಬಳಕಾಯಿಗೆ ಹೆಂಗಸು ಮೊದಲ ಏಟು ಹಾಕುವಂತಿಲ್ಲ. ಗಂಡಸು ಮಚ್ಚಿನಿಂದ ಒಮ್ಮೆ ಸೀಳಿಕೊಟ್ಟರೆ ಸಾಕು, ಆಮೇಲೆ ಹೆಚ್ಚುವುದು, ಬೇಯಿಸುವುದು, ಬಡಿಸುವುದು, ಪಾತ್ರೆ ತಿಕ್ಕುವುದು ಎಲ್ಲ ಹೆಂಗಸಿಗೇ ಧಾರಾಳವಾಗಿ ಬಿಟ್ಟಿದ್ದು. (ಈ ಶಾಸ್ತ್ರ ಬರೆದವನು ಯಾವ ಜಗಲಿಯ ಮೇಲೆ ಕೂತಿದ್ದನೋ!) ಅವಳು ಬದುಕಿರುವ ಗಂಡನಿಗೆ ಹೆದರುವವಳಲ್ಲ. ಆದರೆ ಈ ನೇಮ ಹೇಳಿಕೊಟ್ಟು ಸತ್ತ ಅತ್ತೆಗೆ ಈಗಲೂ ಹೆದರುತ್ತಿದ್ದಳು.

ಹಾಗಂತ ಆ ದಂಡಪಿಂಡವನ್ನು ಬೇಡಿಕೊಳ್ಳುವುದೇ? ಪಕ್ಕದ ಮನೆಯ ಜವರಯ್ಯನನ್ನು ಕರೆಯೋಣವೆಂದರೆ, ಅವನ ಕರು ಬಳ್ಳಿಗೆ ಬಾಯಿ ಹಾಕಿತೆಂದು ಹೋದ ವಾರವಷ್ಟೇ ಅವನ ಏಳು ತಲೆಮಾರನ್ನೂ ಬೈದು ಮುಗಿಸಿದ್ದಳು.

ಹತ್ತೂವರೆಗೆ ಉಪಾಯ ಹೊಳೆಯಿತು. ಕಾಯಿ ತಾನಾಗಿ ಬಿದ್ದು ಒಡೆದರೆ ಯಾರ ತಪ್ಪೂ ಅಲ್ಲವಲ್ಲ! ಅಟ್ಟದಿಂದ ಒಂದನ್ನು ಇಳಿಸಿ ತಂದು ಜಗಲಿಯ ತುದಿಯಲ್ಲಿಟ್ಟು, ಮೋಡ ನೋಡುವವಳಂತೆ ನಿಂತು, ಮೊಣಕೈಯಿಂದ ಮೆಲ್ಲಗೆ ತಳ್ಳಿದಳು. ಕಾಯಿ ಬಿತ್ತು. ಒಡೆಯಲಿಲ್ಲ. ಅಂಗಳದ ಇಳಿಜಾರಿನಲ್ಲಿ ಉರುಳಿಕೊಂಡು ಬೀದಿಗಿಳಿದು, ಆಗಷ್ಟೇ ಆಟೋದಿಂದ ಇಳಿಯುತ್ತಿದ್ದ ಸುಧಾಳ ಕಾಲಿಗೆ ತಾಗಿ ನಿಂತಿತು. ಗೊಬ್ಬರ ಹೊತ್ತು ಸಾಕಿದವಳ ಮಾನದ ಬಗ್ಗೆ ಅದಕ್ಕೆ ಯಾವ ಯೋಚನೆಯೂ ಇರಲಿಲ್ಲ.

"ಇದ್ಯಾಕತ್ತಿಗೆ, ಕುಂಬಳಕಾಯ್ನ ಬೀದಿಗೆ ಬುಟ್ಟಿದ್ದೀರಾ?" ಎಂದಳು ಸುಧಾ.

ಬೇರೆ ದಾರಿಯೇ ಉಳಿಯಲಿಲ್ಲ. ಕಾಯಿಯನ್ನು ಎತ್ತಿ ತಂದು ಗಂಡನ ಮುಂದಿಟ್ಟು, ನಾದಿನಿಯ ಎದುರಿಗೇ, "ರೀ, ಒಸಿ ಒಡ್ದು ಕೊಡ್ರಿ" ಎಂದಳು. ಪುಟ್ಟಸ್ವಾಮಿ ಪಂಚೆ ಎತ್ತಿ ಕಟ್ಟಿ, ಪಟ್ಟಾಭಿಷೇಕಕ್ಕೆ ಹೊರಟವನ ಗತ್ತಿನಲ್ಲಿ ಮಚ್ಚು ಹಿಡಿದು ಒಂದು ಏಟು ಹಾಕಿದ. ಒಂದೇ ಒಂದು. ಆಮೇಲೆ ಜಗಲಿಗೆ ಮರಳಿ, ಸುಸ್ತಾಯಿತೆಂದು ನೀರು ಕೇಳಿದ.

ಎರಡು ಗಂಟೆ ಒಲೆಯ ಮುಂದೆ ಬೆಂದವಳು ಜಯಲಕ್ಷ್ಮಮ್ಮ. ಹುಳಿ ಬೀದಿಯವರೆಗೂ ಘಮ್ಮೆಂದಿತು. ಸುಧಾ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಜಯಲಕ್ಷ್ಮಮ್ಮ ಸೌಟು ಹಿಡಿದು ಕಾದು ನಿಂತಳು.

"ಇಂಥಾ ಹುಳಿ ಈ ಮನೇಲಿ ಯಾವತ್ತೂ ತಿಂದಿರ್ನಿಲ್ಲ" ಎಂದ ಸುಧಾ, ಅತ್ತಿಗೆಯನ್ನು ದಾಟಿ ಅಣ್ಣನ ಕಡೆ ತಿರುಗಿದಳು. "ಏನಿದ್ರೂ ಕಾಯಿ ಒಡ್ದ ಕೈಗುಣ ಕಣಣ್ಣಯ್ಯ!"

ಪುಟ್ಟಸ್ವಾಮಿ ವಿನಯದಿಂದ ತಲೆ ತಗ್ಗಿಸಿ, ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡ.

ಸಂಜೆ ಪಾತ್ರೆ ತಿಕ್ಕಿ ಒಳಗೆ ಬಂದ ಜಯಲಕ್ಷ್ಮಮ್ಮ ಅಟ್ಟದ ಕಡೆ ನೋಡಿದಳು. ಇನ್ನೂ ಹದಿಮೂರು ಕಾಯಿಗಳಿದ್ದವು. ಅಷ್ಟರಲ್ಲಿ ಜಗಲಿಯಿಂದ ಗಂಡನ ದನಿ ಬಂತು:

"ಲೇ ಜಯಾ, ಇನ್ನೊಂದ್ಸಲ ಒಡೆಯೋದಿದ್ರೆ ಒಂದಿನ ಮುಂಚೇನೇ ತಿಳ್ಸು. ನಂಗೂ ಬಿಡುವಾಗಬೇಕಲ್ಲ."