ಗಲ್ಫಿನವನ ಅಡ್ಡ ಚೆಂಡು

ತೋಡಾರಿನಲ್ಲಿ ಏನೂ ಆಗದ ವಾರ ಅಂತ ಒಂದು ಬಂದದ್ದು ನನಗೆ ನೆನಪಿಲ್ಲ. ನಾನು ಜಗಲಿಯಲ್ಲಿ ಬೀಡಿ ಕಟ್ಟಲು ಕೂತರೆ ಸಂಜೆಯೊಳಗೆ ಏನಾದರೊಂದು ಆಗಿಯೇ ಆಗುತ್ತದೆ. ಜಗಲಿ ಅಂಥ ಜಾಗದಲ್ಲಿ ಉಂಟು. ಎದುರಿಗೆ ಉದ್ದದ ಗದ್ದೆ, ಗದ್ದೆಯ ಆ ತುದಿಯಲ್ಲಿ ಗಲ್ಫಿನವನ ಮನೆ. ಅಲ್ಲಿಂದ ನನ್ನಲ್ಲಿಗೆ ನಡೆದು ಬಂದರೆ ಬಲಬದಿಗೆ ಟೀಚರ ಮನೆ. ಮದುವೆಯಾಗದ ಟೀಚರು, ಒಬ್ಬರೇ ಇರುವುದು. ಒಂದೇ ಕಡೆ ಕೂತು ಮೂರು ಮನೆಯ ಸಂಸಾರ ನೋಡಬಹುದು, ಕುತ್ತಿಗೆ ಸಹ ನೋಯುವುದಿಲ್ಲ.

ಕಾವಿಗೆ ಕೂತ ಕೋಳಿ

ಊರಿಗೆ ಎಸ್‌ಟಿಡಿ ಫೋನು ಬಂದು ಎರಡೋ ಮೂರೋ ವರ್ಷ ಆಗಿತ್ತು. ಗಲ್ಫಿನವ ಒಂದು ತಿಂಗಳ ರಜೆಯಲ್ಲಿ ಬಂದ. ಬೇರೆಯವರು ಕಂಬಳಿ, ಸೆಂಟು, ಟೇಪ್ ರೆಕಾರ್ಡರ್ ತರುತ್ತಾರೆ. ಇವ ಆಳುದ್ದದ ಒಂದು ಚೀಲ ಹೊತ್ತು ತಂದ. ಅದರಲ್ಲಿ ಕೋವಿ ಉಂಟು ಅಂತ ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿ. ಯಾರು ಹೇಳಿದರೋ ಏನೋ, ನಾನು ಇಬ್ಬರಿಗೆ ಮಾತ್ರ ಹೇಳಿದ್ದು.

ಬಿಚ್ಚಿದರೆ ಕಬ್ಬಿಣದ ಕೋಲುಗಳು. ಗಾಲ್ಫ್ ಅಂತ ಆಟವಂತೆ. ಅವನ ಕಂಪೆನಿಯ ದೊಡ್ಡ ಸಾಹೇಬ ಮೊದಲು ಚೀಲ ಹೊರಲು ಕರೆದುಕೊಂಡು ಹೋದದ್ದು, ಆಮೇಲೆ ಆಡಲಿಕ್ಕೇ ಸೇರಿಸಿಕೊಂಡನಂತೆ. ಇವನಷ್ಟು ನೇರ ಹೊಡೆಯುವವ ಆಫೀಸಿನಲ್ಲಿ ಬೇರೆ ಇಲ್ಲ. ರಜೆ ಮುಗಿದ ಕೂಡಲೇ ಕಂಪೆನಿ ಕಂಪೆನಿಗಳ ನಡುವೆ ಪಂದ್ಯ, ಸಾಹೇಬ ಮತ್ತು ಇವ ಜೋಡಿ. ಗೆದ್ದರೆ ಹೆಂಡತಿಯನ್ನು ಕರೆಸಿಕೊಳ್ಳಲು ವೀಸಾ, ಇರಲಿಕ್ಕೆ ಮನೆ, ಎರಡೂ ಕೊಡ್ತೇನೆ ಅಂತ ಸಾಹೇಬನ ಮಾತು. ಮದುವೆಯಾಗಿ ಆರು ವರ್ಷ, ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು ಮೂರು ರಜೆ. ಆ ಹುಡುಗಿ ಪಾಸ್‌ಪೋರ್ಟ್ ಮಾಡಿಸಿ ಸೀರೆಯ ಮಡಿಕೆಯಲ್ಲಿ ಇಟ್ಟು ಕಾಯುತ್ತಿದ್ದಳು.

ಮೊದಲ ವಾರ ಅವ ತನ್ನ ಮನೆಯ ಬದಿಯಿಂದ ನನ್ನ ಜಗಲಿಯ ಕಡೆಗೆ ಹೊಡೆದ ಚೆಂಡು ನೂಲು ಹಿಡಿದ ಹಾಗೆ ಹೋಯಿತು, ಗದ್ದೆಯ ನಡುವಿಗೆ ಬಿತ್ತು. ಎಂಟನೆಯ ದಿನ ಬೆಳಿಗ್ಗೆ ಹೊಡೆದದ್ದು ಚಿಟಿಲ್ ಅಂತ ಬಲಕ್ಕೆ ಹಾರಿ ಟೀಚರ ಹಿತ್ತಿಲಿಗೆ ಬಿತ್ತು. ಎರಡನೆಯದೂ ಅಲ್ಲಿಗೇ, ಹತ್ತನೆಯದೂ ಅಲ್ಲಿಗೇ. ಅದಕ್ಕೆ ಶ್ಯಾಂಕ್ ಅನ್ನುತ್ತಾರಂತೆ. ಕೋಲಿನ ಮುಖಕ್ಕೆ ತಾಗಬೇಕಾದ ಚೆಂಡು ಕೋಲಿನ ಕುತ್ತಿಗೆಗೆ ತಾಗಿ ಅಡ್ಡಕ್ಕೆ ಓಡುವುದು. ಯಾಕೆ ಬರ್ತದೆ ಅಂತ ಯಾರಿಗೂ ಗೊತ್ತಿಲ್ಲ, ಬಿಕ್ಕಳಿಕೆಯ ಹಾಗೆ.

ಒಂದು ಚೆಂಡು ಮೂರು ದಿನ ಸಿಗಲೇ ಇಲ್ಲ. ಕೊನೆಗೆ ನೋಡಿದರೆ ಟೀಚರ ಕೋಳಿ ಅದರ ಮೇಲೆ ಕಾವಿಗೆ ಕೂತಿದೆ. ಇವ ಕೈ ಹಾಕಲು ಹೋಗಿ ಕುಕ್ಕಿಸಿಕೊಂಡ. ಟೀಚರು ಪುಸ್ತಕದಿಂದ ತಲೆ ಎತ್ತದೆ ಹೇಳಿದರು, "ಇನ್ನು ಹದಿನೆಂಟು ದಿನ ಕಾಯಿರಿ. ಮರಿ ಹೊರಗೆ ಬಂದರೆ ಕಳಿಸಿಕೊಡ್ತೇನೆ."

ಬೆಳ್ತಂಗಡಿಯ ಎಣ್ಣೆ

ಅವನ ತಾಯಿಗೆ ಇದು ನರ ಹಿಡಿದದ್ದು ಅಂತ ಅನಿಸಿತು. ಬೆಳ್ತಂಗಡಿ ಕಡೆಯಿಂದ ಉಳುಕು ತೆಗೆಯುವವರನ್ನು ಕರೆಸಿದರು. ಬಂದವರು ಕೋಲನ್ನೂ ನೋಡಲಿಲ್ಲ, ಚೆಂಡನ್ನೂ ನೋಡಲಿಲ್ಲ. ಭುಜದಿಂದ ಬೆರಳಿನ ತುದಿಯವರೆಗೆ ಎಣ್ಣೆ ಹಾಕಿ ಒಂದು ಗಂಟೆ ತಿಕ್ಕಿದರು. ಅವನ ಬೊಬ್ಬೆ ನಮ್ಮ ಜಗಲಿಗೆ ಕೇಳಿತು. ನಾನು ಆ ದಿನ ಬೀಡಿಯ ಲೆಕ್ಕ ಎರಡು ಸಲ ತಪ್ಪಿದೆ.

"ಈಗ ಹೊಡಿ, ನೋಡುವ" ಅಂದರು ಅವರು.

ಇವ ಕೋಲು ಎತ್ತಿ ಬೀಸಿದ. ಚೆಂಡು ಬಲಕ್ಕೆ ಹಾರಿ ಟೀಚರ ಹಿತ್ತಿಲಿಗೆ ಹೋಯಿತು. ಎಣ್ಣೆಯ ಕೈಯಿಂದ ಜಾರಿದ ಕೋಲು ಅದರ ಹಿಂದೆಯೇ ಹೋಗಿ ಟೀಚರ ಬಸಳೆ ಚಪ್ಪರದ ಮೇಲೆ ಕೂತಿತು. ಅಷ್ಟು ದಿನ ಚೆಂಡು ಒಂದೇ ಹೋಗುತ್ತಿತ್ತು, ಪಾಪ. ಅದಕ್ಕೆ ಜೊತೆ ಆಯಿತು.

ಬಂಟ್ವಾಳದ ದಿಕ್ಕು

ಆಮೇಲೆ ಬಂಟ್ವಾಳದ ಜೋಯಿಸರು. ಅವರು ಕವಡೆ ಹರಡಿ, ಹುಡುಗನ ಕೈಯಲ್ಲಿ ದೋಷ ಇಲ್ಲ, ಹೊಡೆಯುವ ದಿಕ್ಕು ಸರಿ ಇಲ್ಲ, ಇನ್ನು ಮೂಡು ದಿಕ್ಕಿಗೇ ಹೊಡೆಯಬೇಕು ಅಂದರು. ಇವ ಮೂಡಕ್ಕೆ ತಿರುಗಿ ನಿಂತ. ಮೂಡಕ್ಕೆ ನಿಂತರೆ ಬಲಕ್ಕೆ ಯಾವುದು ಬರುತ್ತದೆ ಅಂತ ಜೋಯಿಸರ ಕವಡೆಗೆ ಗೊತ್ತಿರಲಿಲ್ಲ. ಬ್ಯಾರಿಗಳ ಅಂಗಡಿ ಬರುತ್ತದೆ, ಊರಿನ ಮುಸಲ್ಮಾನ ಯಜಮಾನರೊಬ್ಬರದ್ದು.

ಮೊದಲ ಏಟಿಗೇ ಕಡ್ಲೆಮಿಠಾಯಿಯ ಗಾಜಿನ ಬಾಟ್ಲಿ ಹೋಯಿತು. ಇವ ಏದುಸಿರು ಬಿಡುತ್ತಾ ಓಡಿ ಬಂದ. ಬ್ಯಾರಿಗಳು ಒಳ್ಳೆಯ ಜನ, ಗದರಲಿಲ್ಲ. ಗಾಜಿನ ಚೂರಿನಿಂದ ಮಿಠಾಯಿ ಬೇರೆ ಮಾಡುತ್ತಾ ಮೆಲ್ಲಗೆ ಬುದ್ಧಿ ಹೇಳಿದರು. "ನೀನು ಮೊದಲಿನ ಹಾಗೆ ಟೀಚರ ಕಡೆಗೇ ಹೊಡಿ ಮಾರಾಯ. ಅಲ್ಲಿ ಒಡೆದರೆ ನಿನ್ನ ಸಂಸಾರ ಮಾತ್ರ ಒಡೀತದೆ. ಇಲ್ಲಿ ನನ್ನ ಬಾಟ್ಲಿ ಒಡೀತದೆ."

ನಾನು ಹೇಳಿದ್ದು ಇಷ್ಟೇ

ಬ್ಯಾರಿಗಳಿಗೆ ಆ ಮಾತು ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ನಾನು ಸುಳ್ಳು ಹೇಳುವವಳಲ್ಲ. ಒಬ್ಬ ಗಂಡಸು ದಿನಕ್ಕೆ ಇಪ್ಪತ್ತು ಸಲ ಒಬ್ಬಂಟಿ ಹೆಂಗಸಿನ ಹಿತ್ತಿಲಿಗೆ ಹೋಗ್ತಾನೆ, ಹೋಗಲಿಕ್ಕೆ ಅವನದ್ದೇ ಚೆಂಡು ಕಾರಣ, ಚೆಂಡು ಹೊಡೆಯುವವನೂ ಅವನೇ. ಎರಡಕ್ಕೆ ಎರಡು ಸೇರಿಸಲು ನನ್ನ ಮೂರನೇ ಕ್ಲಾಸು ಸಾಲದಾ? ನಾನು ಅಷ್ಟನ್ನೇ ಬಾವಿಕಟ್ಟೆಯಲ್ಲಿ ಹೇಳಿದ್ದು. ಅವನ ಹೆಂಡತಿಗೂ ನಾನೇ ಹೇಳಿದೆ. ಬೇರೆಯವರ ಬಾಯಿಂದ ಕೇಳಿದರೆ ಅವಳಿಗೆ ಬೇಸರ ಆಗಬಾರದಲ್ಲ.

ಅವಳು ಕೊಡಪಾನ ಕೆಳಗಿಟ್ಟು ನನ್ನನ್ನು ನೋಡಿದಳು. ಅಳುತ್ತಾಳೆ ಅಂತ ನಾನು ಸೆರಗು ಸಹ ತಯಾರು ಮಾಡಿಕೊಂಡಿದ್ದೆ.

"ನಾನೂ ನೋಡ್ತಾ ಇದ್ದೇನೆ ದೊಡ್ಡಮ್ಮ" ಅಂದಳು. "ಅವರ ಕೈ ಆಚೆ ಹೋಗ್ತಾ ಉಂಟು. ಹೋಗದ ಹಾಗೆ ಮಾಡ್ತೇನೆ."

ನಾನು ಆ ದಿನ ಊಟವನ್ನೂ ಬೇಗ ಮುಗಿಸಿದೆ. ಮರುದಿನದ ಜಗಳ ಮೊದಲಿನಿಂದ ನೋಡಬೇಕಲ್ಲ.

ಅತ್ತೆಯ ಹಪ್ಪಳ

ಜಗಳ ಎಲ್ಲಿ? ಬೆಳಿಗ್ಗೆ ಅವಳು ತಲೆಯ ಮೇಲೆ ಚಾಪೆ ಹೊತ್ತು ಗದ್ದೆಗೆ ಇಳಿದಳು. ಹಿಂದಿನಿಂದ ಅತ್ತೆ, ಕೈಯಲ್ಲಿ ಹಲಸಿನ ಹಪ್ಪಳದ ಹೆಡಿಗೆ. ಹಲಸು ಬೇಯಿಸಿ, ಗುದ್ದಿ, ಒತ್ತಿ, ಅತ್ತೆಯ ಸೊಂಟ ಹೋದ ಹಪ್ಪಳ ಅದು. ಗಂಡ ನಿಲ್ಲುವ ಕಡೆ ಅಲ್ಲ, ಚೆಂಡಿನ ಆಚೆ ಬದಿಗೆ, ಬರೀ ನಾಲ್ಕು ಬೆರಳು ಬಿಟ್ಟು ಚಾಪೆ ಹಾಸಿ, ಹಪ್ಪಳ ಸಾಲಾಗಿ ಹರಡಿದಳು.

"ಈಗ ಹೊಡೆಯಿರಿ" ಅಂದಳು.

ಇವ ಹೊಡೆದ. ಕೋಲು ಆಚೆಗೆ ಬೀಸಿ ಏಳು ಹಪ್ಪಳ ಹಾರಿತು, ಚೆಂಡು ಟೀಚರಲ್ಲಿಗೆ. ಅತ್ತೆ ಗುದ್ದುವ ಒನಕೆ ತರಲು ಮನೆಗೆ ಹೋದರು. ಒನಕೆ ಹಿಡಿದು ಬಂದು ಚಾಪೆಯ ತಲೆಗೆ ನಿಂತರು. ಎರಡನೆಯ ಏಟಿಗೆ ಹಾರಿದ್ದು ಎರಡು ಹಪ್ಪಳ. ಮೂರನೆಯದಕ್ಕೆ ಅವ ಒನಕೆಯನ್ನು ಒಮ್ಮೆ ನೋಡಿದ, ಚೆಂಡನ್ನು ಒಮ್ಮೆ ನೋಡಿದ, ಎರಡೂ ಕೈ ಹೊಟ್ಟೆಗೆ ಅಂಟಿಸಿಕೊಂಡ ಹಾಗೆ ಒಳಗಿನಿಂದ ಬೀಸಿದ. ಹಪ್ಪಳ ಮಿಸುಕಲಿಲ್ಲ. ಚೆಂಡು ನೆಟ್ಟಗೆ ಗದ್ದೆಯ ಮೇಲೆ ಹಾರಿತು. ಆ ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು.

ನಾನೂ ಸಂತೋಷಪಟ್ಟೆ. ಎಷ್ಟೆಂದರೂ ಮನೆಮಕ್ಕಳ ಹಾಗೆ. ಆದರೆ ಹದಿನೈದು ದಿನ ಹೆದರಿ ಹೆದರಿ ಹೊಡೆದವನಿಗೆ ಈಗ ಹುರುಪು ಬಂತು ನೋಡಿ. ಮುಂದಿನ ಏಟು ಗದ್ದೆಯ ನಡುವೆ ನಿಲ್ಲಲಿಲ್ಲ. ಗದ್ದೆ ದಾಟಿ, ನನ್ನ ಅಂಗಳ ದಾಟಿ, ಮಡಿಲಲ್ಲಿದ್ದ ಬೀಡಿಯ ಮೊರಕ್ಕೆ ಬಿತ್ತು. ಹೊಗೆಸೊಪ್ಪಿನ ಪುಡಿ ಎಲ್ಲ ಮೂಗಿಗೆ. ಮಧ್ಯಾಹ್ನದವರೆಗೆ ಸೀನಿದೆ. ಊರಿಗೆ ನಾಲ್ಕು ಗಂಟೆ ಏನೂ ಸುದ್ದಿ ಸಿಗಲಿಲ್ಲ.

ರಿಕ್ಷಾ ಹೊರಟ ದಿನ

ರಜೆ ಮುಗಿಯಲು ಎಂಟು ದಿನ ಇತ್ತು. ಎಂಟೂ ದಿನ ಚೆಂಡು ನೇರ ನನ್ನಲ್ಲಿಗೆ. ಅವ ಓಡಿ ಬರುವುದು, "ದೊಡ್ಡಮ್ಮ, ಬಂತಾ?" ಅನ್ನುವುದು, ನಾನು ಮಜ್ಜಿಗೆ ಕೊಡುವುದು, ಒಂದು ಗಳಿಗೆ ಕೂತು ಗಲ್ಫಿನ ಸುದ್ದಿ ಹೇಳಿ ಹೋಗುವುದು.

ಅವ ಹೋಗಿ ಹದಿನೈದು ದಿನಕ್ಕೆ ಅಂಗಡಿಯ ಫೋನಿಗೆ ಕರೆ ಬಂತು. ಪಂದ್ಯ ಗೆದ್ದರಂತೆ. ಸಾಹೇಬ ಕೊಟ್ಟ ಮಾತು ಉಳಿಸಿಕೊಂಡ. ಮಳೆಗಾಲ ಮುಗಿಯುವಾಗ ವೀಸಾ ಬಂತು. ಮೂಡುಬಿದಿರೆಗೆ ಹೋಗಿ ಬೊಂಬಾಯಿ ಬಸ್ಸು ಹತ್ತಬೇಕು ಅಂತ ಆ ಹುಡುಗಿ ಹೊರಟ ದಿನ ನೆರೆಕರೆಯವರೆಲ್ಲ ರಿಕ್ಷಾದ ಸುತ್ತ ನಿಂತಿದ್ದರು. ಟೀಚರು ಬಂದಿದ್ದರು, ಬ್ಯಾರಿಗಳು ಅಂಗಡಿಗೆ ಹಲಗೆ ಹಾಕಿ ಬಂದಿದ್ದರು. ಅವಳು ಎಲ್ಲರ ಕಾಲು ಹಿಡಿದು, ಕೊನೆಗೆ ನನ್ನ ಕಾಲಿಗೂ ಬಿದ್ದು ಎದ್ದಳು. ನನಗೆ ಕಣ್ಣು ತುಂಬಿ ಬಂತು. ಆಗ, ಎಲ್ಲರಿಗೂ ಕೇಳುವ ಹಾಗೆ, ಬಾಯಿ ತೆರೆದಳು.

"ದೊಡ್ಡಮ್ಮ, ಚೆಂಡು ಟೀಚರ ಹಿತ್ತಿಲಿಗೆ ಬೀಳುವಾಗ ಅದರ ಅರ್ಥ ಏನು ಅಂತ ನೀವು ನನಗೆ ಬಿಡಿಸಿ ಹೇಳಿದ್ರಿ. ಆಮೇಲೆ ಎಂಟು ದಿನ ನಿಮ್ಮ ಮಡಿಲಿಗೇ ಬಿತ್ತಲ್ಲ. ಮಜ್ಜಿಗೆ ಬೇರೆ ಕೊಟ್ಟಿದ್ದೀರಿ. ನಾನೀಗ ಅಲ್ಲಿಗೆ ಹೋಗಿ ಅವರಲ್ಲಿ ಏನಂತ ಕೇಳುವುದು?"

ನನಗೆ ಆಗ ಅರುವತ್ತೆಂಟು. ಮೇಲಿನ ಸಾಲಿನಲ್ಲಿ ಒಂದು ಹಲ್ಲೂ ಇರಲಿಲ್ಲ. ಟೀಚರು ರಿಕ್ಷಾ ಹಿಡಿದುಕೊಂಡು ನಕ್ಕರು.

ರಿಕ್ಷಾ ಹೋದ ಮೇಲೆ ನಾನು ಒಳದಾರಿಯಿಂದ ಬಿರಬಿರನೆ ಅಂಗಡಿಗೆ ನಡೆದೆ. ವಿಷಯ ಹೀಗಲ್ಲ ಹಾಗೆ ಅಂತ ನಾಲ್ಕು ಜನಕ್ಕೆ ಮೊದಲೇ ಹೇಳಿ ಇಡುವ ಅಂತ. ನಾನು ಮುಟ್ಟುವಾಗ ಬ್ಯಾರಿಗಳು ಹಲಗೆ ತೆಗೆದು ಆಗಿತ್ತು. ಬೆಂಚಿನ ಮೇಲೆ ಕೂತಿದ್ದ ಐದಾರು ಜನ ನನ್ನನ್ನು ಕಂಡದ್ದೇ ಜರುಗಿ ಜಾಗ ಕೊಟ್ಟರು. ಒಬ್ಬ ತುಂಬ ಮರ್ಯಾದೆಯಿಂದ ಕೇಳಿದ, "ದೊಡ್ಡಮ್ಮ, ನಿಮ್ಮ ವೀಸಾ ಯಾವಾಗ ಬರ್ತದೆ?"