ಮೂರು ಕಿಟಕಿ, ಒಂದು ಸಹಿ

ಯಾವುದೇ ಕೆಲಸವನ್ನು ಸರಿಯಾಗಿ ಮಾಡಿಸಬೇಕೆಂದು ನಾನು ಪಟ್ಟು ಹಿಡಿದರೆ ಸಾಕು, ನಮ್ಮ ಮನೆಯಲ್ಲಿ ನಗುವಂಥದ್ದೊಂದು ನಡೆದೇ ತೀರುತ್ತದೆ. ನಗುವವರ ಪೈಕಿ ನಾನೊಬ್ಬ ಇರುವುದಿಲ್ಲ, ಅಷ್ಟೆ.

ಕಳೆದ ಚಳಿಗಾಲದಲ್ಲಿ ಶಿಡ್ಲಘಟ್ಟದ ನಮ್ಮ ಮನೆಯ ಮೂರು ಹಳೇ ಮರದ ಕಿಟಕಿಗಳನ್ನು ಕೀಳಿಸಿ, ಸರಳು, ಸೊಳ್ಳೆ ಜಾಲರಿ ಸಮೇತ ಗಾಜು ಸರಿಸುವ ಅಲ್ಯೂಮಿನಿಯಂ ಕಿಟಕಿ ಹಾಕಿಸಿದೆ. ಹೇಗಿರಬೇಕೆಂದು ಇಂಗ್ಲಿಷಿನಲ್ಲಿ ಎರಡು ಪುಟ ಬರೆದೂ ಕೊಟ್ಟಿದ್ದೆ. ಕೆಲಸ ಮುಗಿದ ಮೇಲೆ ‘ತೃಪ್ತಿಕರ’ ಎಂಬ ಕಾಗದಕ್ಕೆ ನನ್ನ ಸಹಿ ಬೀಳಬೇಕು. ಬಿದ್ದರೆ ಚಿಂತಾಮಣಿಯಿಂದ ಬಂದ ಫಿಟ್ಟರ್ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಮೂರನ್ನೂ ಪರೀಕ್ಷಿಸದೆ ಪೆನ್ನು ಮುಟ್ಟುವುದಿಲ್ಲ ಎಂದುಬಿಟ್ಟೆ.

ನನ್ನ ಹೆಂಡತಿಗೆ ಚಿಂತೆಯಿದ್ದದ್ದು ಅಡುಗೆಮನೆ ಕಿಟಕಿಯದು ಮಾತ್ರ. ಪಕ್ಕದ ಮನೆಯಾಕೆಯ ಅಡುಗೆಮನೆ ಕಿಟಕಿ ಅದಕ್ಕೆ ಸರಿಯಾಗಿ ಎದುರಿಗಿದೆ; ನಡುವೆ ಎರಡಡಿ ಸಂದು. ಎಷ್ಟೋ ವರ್ಷಗಳಿಂದ, ಹಳೇ ಕಿಟಕಿಯ ಬಾಗಿದ ಸರಳುಗಳ ನಡುವೆ ಆಕೆಯ ಸಾರು ಇತ್ತ, ನಮ್ಮ ಪಲ್ಯ ಅತ್ತ ಓಡಾಡುತ್ತಿದ್ದವು. ಆಕೆಯ ಬಾಗಿಲು ಇರುವುದೋ ಹಿಂದಿನ ಬೀದಿಗೆ.

“ಹೊಸ ಕಿಟಕೀಲಿ ಸಾರು ಹೆಂಗ್ರೀ ಬರುತ್ತೆ?” ಎಂದಳು ಹೆಂಡತಿ.

“ಕಿಟಕಿ ಇರೋದು ಗಾಳಿ ಬೆಳಕಿಗೆ. ಸಾರು ಬಾಗಿಲಲ್ಲಿ ಬರಲಿ,” ಎಂದೆ.

ರಸಮಟ್ಟ

ನಡುಮನೆಯ ಕಿಟಕಿ ಸೊಟ್ಟಗೆ ಕಂಡಿತು. ಎಡಗಡೆ ಗೋಡೆಗೂ ಚೌಕಟ್ಟಿಗೂ ಮೇಲೆ ಒಂದು ಬೆರಳು ಅಂತರ, ಕೆಳಗೆ ಎರಡು ಬೆರಳು.

“ಇದೇನಯ್ಯಾ?” ಎಂದೆ.

ಫಿಟ್ಟರ್ ನನ್ನದೇ ರಸಮಟ್ಟ ತೆಗೆದು ಚೌಕಟ್ಟಿಗಿಟ್ಟ. ಅದರ ಗಾಜುಕೊಳವೆಯೊಳಗಿನ ಗುಳ್ಳೆ ನಡುಮಧ್ಯೆ ನಿಂತಿತು. ಗೋಡೆಗಿಟ್ಟ. ಗುಳ್ಳೆ ಒಂದು ಮೂಲೆಗೆ ಓಡಿತು.

“ಕಿಟಕಿ ನೆಟ್ಟಗೇ ಐತೆ ಸಾರ್. ಮನೇನೇ ಸೊಟ್ಟಗೈತೆ. ಯಾರ್ ಸಾರ್ ನಿಂತ್ಕೊಂಡು ಕಟ್ಸಿದ್ದು? ಒಂದ್ ಚೂರೂ ಗಮನ ಇಟ್ಟಿಲ್ಲ.”

ಆರು ತಿಂಗಳು ರಜೆ ಹಾಕಿ, ದಿನವೂ ಪಕ್ಕದಲ್ಲೇ ನಿಂತು ಕಟ್ಟಿಸಿದವನು ನಾನು. ಆ ಕಿಟಕಿ ಪಾಸಾಯಿತೆಂದು ಕೂಡಲೇ ಹೇಳಿದೆ.

ನೊಣ

ಅಷ್ಟರಲ್ಲಿ ಸಾದಲಿಯಿಂದ ನನ್ನ ಭಾಮೈದ ಬಂದ. ರೇಷ್ಮೆ ಹುಳು ಸಾಕುವವನು. ಹುಳುಮನೆಗೆ ಊಜಿ ನೊಣ ನುಗ್ಗಿದರೆ ಬೆಳೆ ಹೋದಂತೆ. ಹಾಗಾಗಿ ಅವನು ಯಾವ ಕಿಟಕಿ ನೋಡಿದರೂ ಮೊದಲು ಹುಡುಕುವುದು ಸಂದಿ. ಮಲಗುವ ಕೋಣೆಯ ಕಿಟಕಿಯ ಸುತ್ತ ಬೆರಳಾಡಿಸಿ “ಹ್ಞೂಂ” ಎಂದ.

ಮಾರನೆಯ ಬೆಳಿಗ್ಗೆ ನಾನು ಮಳೆ ಪರೀಕ್ಷೆಗೆಂದು ಹೊರಗಿನಿಂದ ಆ ಕಿಟಕಿಗೆ ಎರಡು ಬಕೆಟ್ ನೀರು ಎರಚಿದೆ. ನೀರು ಹೊರಕ್ಕೆ ಹರಿಯದೆ, ಚೌಕಟ್ಟು ತುಂಬಿ, ಒಳಗೆ ಹಾಸಿಗೆಯ ಮೇಲೆ ಇಳಿಯಿತು. ಫಿಟ್ಟರನ್ನು ಕರೆಸಿ ತರಾಟೆಗೆ ತೆಗೆದುಕೊಂಡೆ. ಆತ ಬಗ್ಗಿ, ಚೌಕಟ್ಟಿನ ತಳದಲ್ಲಿ ನೀರು ಹೋಗಲೆಂದೇ ಕೊರೆದಿದ್ದ ತೂತುಗಳಿಂದ ಒಂದೊಂದಾಗಿ ಹತ್ತಿಯ ಉಂಡೆ ಕಿತ್ತು ನನ್ನ ಅಂಗೈಗಿಟ್ಟ.

ಭಾಮೈದ ಹೆಮ್ಮೆಯಿಂದ ಮುಂದೆ ಬಂದ. “ನಾನೇ ತುರುಕಿದ್ದು ಭಾವ. ಏಳು ತೂತು ಬಿಟ್ಟಿದ್ದ ಪುಣ್ಯಾತ್ಮ!”

“ಹಾಸಿಗೆ ನೋಡಪ್ಪ!” ಎಂದೆ.

“ಹಾಸಿಗೆ ಒಣಗುತ್ತೆ ಬಿಡಿ. ಒಂದಾದ್ರೂ ನೊಣ ಬಂತಾ, ಅದು ಹೇಳಿ.”

ಊದುಬತ್ತಿ

ಉಳಿದದ್ದು ಅಡುಗೆಮನೆ. ಮುಚ್ಚಿದ ಕಿಟಕಿಯ ಅಂಚಿನುದ್ದಕ್ಕೂ ಹೊತ್ತಿಸಿದ ಊದುಬತ್ತಿ ಹಿಡಿದರೆ, ಗಾಳಿ ನುಸುಳುವ ಕಡೆ ಹೊಗೆ ಬಾಗುತ್ತದೆ. ನಾನು ಮೇಲಿಂದ ಕೆಳಕ್ಕೆ ನಿಧಾನವಾಗಿ ಬತ್ತಿ ಆಡಿಸುತ್ತಿದ್ದೆ. ಹಿಂದೆ ತಿರುಗಿದರೆ ಫಿಟ್ಟರ್ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದಾನೆ. ಎದುರು ಕಿಟಕಿಯಲ್ಲಿ ಪಕ್ಕದ ಮನೆಯಾಕೆ.

“ಪೂಜೆ ಅಂತ ಒಂದ್ ಮಾತು ಹೇಳ್ಬಾರ್ದಾ ಸಾರ್? ಹೂ ಕೊಡ್ತಿದ್ದೆ!” ಎಂದು ಕೂಗಿದಳು ಆಕೆ.

ಗಾಜು ಸರಿಸಿ ಹೇಳಿದೆ: “ಪೂಜೆಯಲ್ಲಮ್ಮ, ಗಾಳಿ ಬರುತ್ತಾ ನೋಡ್ತಿದೀನಿ.”

“ವಾಯುದೇವರಾ? ಆಗ್ಲಿ ಬಿಡಿ, ಎಲ್ಲಾ ದೇವರೂ ಒಂದೇ,” ಎಂದು ಒಂದು ಮೊಳ ಸೇವಂತಿಗೆ ಚಾಚಿದಳು. ಅದು ಜಾಲರಿಗೆ ಬಡಿದು ಸಂದಿನಲ್ಲಿ ಬಿತ್ತು. ಕದಲದ ಹಾಗೆ ಜಾಲರಿ ಕೂರಿಸಬೇಕೆಂಬುದು ನನ್ನ ಎರಡನೇ ಪುಟದಲ್ಲಿತ್ತು.

ಸಾರು

ಅವರೆಕಾಯಿ ಕಾಲ. ಕಾಳಿನ ಸಿಪ್ಪೆ ಹಿಚುಕಿ ತೆಗೆದು ಆಕೆ ಮಾಡುವ ಹಿತಕಿದ ಬೇಳೆ ಸಾರಿನ ಬಗ್ಗೆ ನಾನು ಹೆಚ್ಚು ಹೇಳಬಾರದು. ಮೊದಲ ದಿನ ಅದು ಹಿಂದಿನ ಬೀದಿ ಸುತ್ತಿಕೊಂಡು ತಣ್ಣಗಾಗಿ ಬಂತು. ಎರಡನೇ ದಿನ ಬರಲಿಲ್ಲ. ಮೂರನೇ ದಿನ ವಾಸನೆ ಮಾತ್ರ ಬಂತು.

“ಜಾಲರಿ ಚೆನ್ನಾಗಿ ಕೂತಿದೆ,” ಎಂದೆ.

“ಹ್ಞೂಂ,” ಎಂದಳು ಹೆಂಡತಿ, “ಒಂದ್ ತೊಟ್ಟು ಸಾರೂ ಸೋರಿಲ್ಲ.”

ನಾಲ್ಕನೇ ದಿನ ಫಿಟ್ಟರ್ ಸಹಿಗೆ ಬಂದ. “ಸಹಿ ಆಮೇಲೆ,” ಎಂದೆ. “ಜಾಲರಿ ಸರಿಯೋ ಹಾಗೆ ಮಾಡು. ಸರಳುಗಳ ನಡುವೆ ಒಂದು ಕಡೆ ಅಗಲಕ್ಕೆ ಸಂದು ಬಿಡು.”

“ಅಲ್ಲ ಸಾರ್, ಎರಡು ಪುಟ ಇಂಗ್ಲಿಷಲ್ಲಿ ಬರ್ದಿದ್ರಲ್ಲ! ಮೇಷ್ಟ್ರ ಹತ್ರ ಓದಿಸ್ಕೊಂಡು ಹಂಗೇ ಮಾಡಿದೀನಿ.”

“ಬರೆದದ್ದು ತಪ್ಪು.”

ಒಳಗಿಂದ ಹೆಂಡತಿ ಸೌಟು ಹಿಡಿದೇ ಓಡಿ ಬಂದಳು. “ಇನ್ನೊಂದ್ ಸಲ ಹೇಳ್ರಿ, ಸರಿಯಾಗಿ ಕೇಳಿಸ್ಲಿಲ್ಲ.”

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಸಂದಿನ ಅಗಲ ಸರಿಯಿದೆಯೇ ನೋಡಲು, ಕಿಟಕಿ ಪಕ್ಕದ ಗೋಡೆಗೆ ಕೆನ್ನೆ ಒತ್ತಿ ನಿಂತು, ಟೇಪು ಹಿಡಿಯಲೆಂದು ಸರಳುಗಳ ನಡುವೆ ಮೊಣಕೈವರೆಗೆ ಕೈ ತೂರಿಸಿದೆ. ಅಂಗೈಗೆ ಬಿಸಿಬಿಸಿಯಾದ ಬಟ್ಟಲೊಂದು ಬಂದು ಕೂತಿತು.

“ಬೇಗ ಎಳ್ಕೊಳೇ, ಸುಡುತ್ತೆ,” ಎಂದಿತು ಎದುರಿನ ಧ್ವನಿ. ಆಕೆಯ ಮುಖ ಒಲೆಯ ಕಡೆಗಿತ್ತೆಂದು ಕಾಣುತ್ತದೆ. “ಅಂತೂ ಜಾಲರಿ ಕೀಳ್ಸಿದ್ಯಾ? ಒಳ್ಳೇ ಕೆಲಸ ಮಾಡ್ದೆ ಕಣೇ. ನಿಮ್ಮ ಯಜಮಾನ್ರಿಗೆ ಮಾತ್ರ ಕೊನೇಲಿ ಬಡ್ಸು. ಬೇಳೆಯೆಲ್ಲ ಒಂದೇ ಅಳತೆಗಿದೆಯಾ ಅಂತ ನೋಡ್ತಾ ಕೂತ್ರೆ ಸಾರು ಆರೋಗುತ್ತೆ!”

ಕೈ ಹಿಂದಕ್ಕೆಳೆದೆ. ಬಟ್ಟಲು ಎರಡೂ ಬದಿಗೆ ಅರ್ಧರ್ಧ ಇಂಚು ಬಿಟ್ಟು ಒಳಗೆ ಬಂತು. ನಗು ತಡೆಯಲು ಮುಖ ಕೆಂಪಗೆ ಮಾಡಿಕೊಂಡಿದ್ದ ಫಿಟ್ಟರ್ ಪೆನ್ನು ಚಾಚಿದ. ಸಹಿ ಹಾಕಿ, ಎಲೆ ಮುಂದೆ ಕೂತು ಬಿಸಿಬಿಸಿಯಾಗಿ ಉಂಡೆ.

ಎರಡು ಬೇಳೆಗೆ ಸಿಪ್ಪೆ ಹಾಗೇ ಉಳಿದಿತ್ತು. ಯಾರಿಗೂ ಹೇಳಲಿಲ್ಲ.