ಚಿಗವ್ವನ ಉಪ್ಪಿಲ್ಲದ ಸತ್ಯಾಗ್ರಹ

ನಮ್ಮ ಚಿಗವ್ವನಂಥ ಜಗಳಗಂಟಿ ಇಡೀ ಯಲಬುರ್ಗಿಯಲ್ಲಿ ಇನ್ನೊಬ್ಬಳಿರಲಿಲ್ಲ! ಹಾಗಂತ ಆಕೆ ಯಾರಿಗಾದರೂ ಬೈದದ್ದನ್ನು, ಸೆರಗು ಸಿಗಿಸಿ ಓಣಿಗಿಳಿದದ್ದನ್ನು ಕಂಡವರಿಲ್ಲ. ಜಗಳ ಶುರುವಾಯಿತೆಂದರೆ ಆಕೆ ಸುಮ್ಮನೆ ನಗುತ್ತಿದ್ದಳು. ಆ ನಗೆ ಕಂಡ ದಿನ ನಮ್ಮ ಕಾಕಾ, ಅಂದರೆ ಆಕೆಯ ಗಂಡ, ಊಟದ ಹೊತ್ತಿಗೆ ಮನೆ ಕಡೆ ಸುಳಿಯುತ್ತಿರಲಿಲ್ಲ.

ಇದಕ್ಕೆಲ್ಲ ಗದಗಿನಲ್ಲಿದ್ದ ಆಕೆಯ ತಮ್ಮನೇ ಕಾರಣ. ನಮ್ಮದು ನಿಜಾಮರ ಸೀಮೆ, ಗದಗು ಇಂಗ್ರೇಜರದು. ಅಲ್ಲಿನ ಸುದ್ದಿ ನಮಗೆ ಬರುತ್ತಿದ್ದುದೇ ನೆಂಟರ ಬಾಯಲ್ಲಿ. ಒಮ್ಮೆ ಆತ ಬಂದು ಪಡಸಾಲೆಯಲ್ಲಿ ಕೂತು, ಸಮುದ್ರದ ಕಡೆ ಜನ ಉಪ್ಪಿನ ಸತ್ಯಾಗ್ರಹ ಹೂಡಿದ್ದಾರೆ, ಲಾಠಿ ಬಿದ್ದರೂ ತಿರುಗಿ ಕೈಯೆತ್ತುವುದಿಲ್ಲ, ಸರ್ಕಾರವೇ ನಡುಗಿದೆ ಎಂದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಚಿಗವ್ವನಿಗೆ ಆ ಸಪ್ಪಳದಲ್ಲಿ ಕೇಳಿಸಿದ್ದು ಅರ್ಧ. ಆಕೆಗೆ ಅರ್ಥವಾದದ್ದಿಷ್ಟು: ಜನ ಅಡಿಗೆಗೆ ಉಪ್ಪು ಹಾಕುವುದನ್ನು ನಿಲ್ಲಿಸಿದ್ದಾರೆ, ಸಪ್ಪೆ ಉಂಡೂ ಉಂಡೂ ಸರ್ಕಾರ ಸೋತಿದೆ!

ಮೊದಲು ಸಿಕ್ಕಿಬಿದ್ದವನು ಕಾಕಾ. ಸಿಟ್ಟು ಬಂದರೆ ಊಟದ ತಾಟು ಎತ್ತಿ ಒಗೆಯುವ ಚಟ ಅವನಿಗೆ. ಹಾಗೆ ಒಗೆದ ಮರುದಿನ ಬದನೆಕಾಯಿ ಪಲ್ಯ ಸಪ್ಪೆ, ಬೇಳೆ ಸಪ್ಪೆ, ಉಪ್ಪಿನಕಾಯಿ ಭರಣಿ ಅಟ್ಟಕ್ಕೆ! ಚಿಗವ್ವನೂ ಅದನ್ನೇ ಉಂಡಳು, ನಗುನಗುತ್ತ.

"ಉಪ್ಪ ಎಲ್ಲೈತಿ?" ಅಂದ ಕಾಕಾ.

"ತಾಟ ಒಗಿಯಂಗಿಲ್ಲ ಅಂತ ಹೇಳ್ರಿ, ಬರತೈತಿ."

ವಾರ ಕಳೆಯುವುದರೊಳಗೆ ಕಾಕಾ ತಾಟು ಒಗೆಯುವುದಿರಲಿ, ಉಂಡ ತಾಟನ್ನು ತಾನೇ ಎತ್ತಿಡಲು ಕಲಿತ.

ಆಮೇಲೆ ಓಣಿ. ಬಾವಿಯ ಹಗ್ಗಕ್ಕಾಗಿ ಮಾತು ಬಿಟ್ಟಿದ್ದ ನೆರೆಮನೆಯ ಇಬ್ಬರು ಹೆಂಗಸರನ್ನು ಊಟಕ್ಕೆ ಕರೆದು ಸಪ್ಪೆ ಬಡಿಸಿದಳು. ಇಬ್ಬರ ಮುಂದೂ ಒಂದೊಂದು ಬಟ್ಟಲು ಉಪ್ಪು. ಆದರೆ ತನ್ನ ಬಟ್ಟಲಿನದು ತನಗಲ್ಲ, ಎದುರಿನವಳಿಗೆ, ಅದೂ ಕೈಯಿಂದ ಕೈಗೆ!

"ಉಪ್ಪ ಕೈಯಾಗ ಕೊಟ್ರ ಜಗಳ ಆಗತೈತಲ್ಲವಾ" ಎಂದಳು ಒಬ್ಬಳು.

"ನಿಮದು ಆಗಲೇ ಆಗೈತಲ್ಲ. ಈಗ ಕೊಟ್ರ ಹೊಳ್ಳಿ ಹೋಗತೈತಿ, ಕೊಡ್ರಿ" ಎಂದಳು ಚಿಗವ್ವ. ಇಬ್ಬರೂ ಕಿಸಕ್ಕನೆ ನಕ್ಕುಬಿಟ್ಟರು. ನಕ್ಕ ಮೇಲೆ ಜಗಳ ಆಡುವುದು ಹೇಗೆ, ನೀವೇ ಹೇಳಿ?

ಗದಗಿನ ತಮ್ಮ ಮತ್ತೆ ಬಂದಾಗ ಇದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ಅವರು ಉಪ್ಪ ಮಾಡಾಕ ಹೋಗ್ಯಾರ, ಬಿಡಾಕಲ್ಲ."

ಚಿಗವ್ವ ಒಂದಿಷ್ಟೂ ನಾಚಲಿಲ್ಲ. "ಅವರಿಗೆ ಸಮುದ್ರ ಐತಿ, ಮಾಡ್ತಾರ. ನಮ್ಮ ಯಲಬುರ್ಗ್ಯಾಗ ಎಲ್ಲೈತಿ? ನಮ್ಮ ಕೈಲಾದದ್ದು ನಾವು ಮಾಡ್ತೇವಿ."

ಇಷ್ಟರಲ್ಲಿ ನನ್ನ ಗ್ರಹಚಾರ ಕೆಟ್ಟಿತು. ನನ್ನವ್ವ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದಳು, ಸಾಕಿದ್ದು ಚಿಗವ್ವ. ಗುಡಿಯ ಕಟ್ಟೆಯ ಮೇಲೆ ಮಾಸ್ತರರು ನಡೆಸುತ್ತಿದ್ದ ಕನ್ನಡ ಸಾಲಿಗೆ ನನ್ನನ್ನು ಹಾಕಿದವಳೂ ಅವಳೇ. ಒಂದು ದಿನ ಅಜ್ಜ ನಾನು ಬರೆಯುತ್ತಿದ್ದ ಪಾಟಿಯನ್ನು ಕಸಿದು ಗೋಡೆಯ ಮಾಡದಲ್ಲಿಟ್ಟ. "ಹೆಣ್ಣ ಹುಡುಗಿ ಓದಿ ಯಾವ ತಹಸೀಲದಾರಕಿ ಮಾಡಬೇಕಾಗೈತಿ? ಇನ್ನ ಸಾಲಿ ಸಾಕು." ನಾನು ಅತ್ತುಬಿಟ್ಟೆ. ಚಿಗವ್ವ ನಕ್ಕಳು!

ಸೊಸೆ ಮಾವನೊಡನೆ ನೇರ ಮಾತಾಡುವ ಕಾಲವಲ್ಲ ಅದು. ಅವಳು ಅಡಿಗೆಮನೆಯ ಬಾಗಿಲ ಹಿಂದೆ, ಅವನು ಪಡಸಾಲೆಯಲ್ಲಿ, ನಡುವೆ ನಾನು.

"ಅಜ್ಜಗ ಹೇಳವಾ, ಪಾಟಿ ಮಾಡದಾಗ ಇರೂಮಟ ಉಪ್ಪ ಅಟ್ಟದ ಮ್ಯಾಲೆ ಇರತೈತಿ ಅಂತ."

"ನಿಮ್ಮ ಚಿಗವ್ವಗ ಹೇಳು, ಸಪ್ಪನ ಬ್ಯಾಳಿ ಭಾಳ ಛಲೋ ಆಗೈತಿ. ಇನ್ನೊಂದೀಟು ಹಾಕು ಅಂತ."

ಅಜ್ಜ ಕಾಕಾನಂಥವನಲ್ಲ. ಸಪ್ಪೆ ಬೇಳೆಯನ್ನು ಮೀಸೆ ನೆಕ್ಕಿಕೊಂಡು ಉಂಡ. ಬೇಸಿಗೆ ಬಂತು, ಅವನ ಹಟ ಇಳಿಯಲಿಲ್ಲ. ಇವರಿಬ್ಬರ ನಡುವೆ ನಾಲಿಗೆ ಸತ್ತದ್ದು ನಮ್ಮೆಲ್ಲರದು!

ಒಂದು ಮಧ್ಯಾಹ್ನ ಹೊಲದಿಂದ ಬಂದ ಅಜ್ಜ ಮನೆ ಮುಂದಿನ ಕಟ್ಟೆಯ ಮೇಲೆ ತಲೆ ತಿರುಗಿ ಕುಸಿದ. ಚಿಗವ್ವನ ನಗೆ ಹಾರಿಹೋಯಿತು. ಅಟ್ಟದಿಂದ ಉಪ್ಪು ಇಳಿಸಿ, ಮಜ್ಜಿಗೆಗೆ ಕದಡಿ, ನನ್ನ ಕೈಗೆ ಕೊಟ್ಟು ಓಡಿಸಿದಳು. ಕುಡಿದು ಚೇತರಿಸಿಕೊಂಡ ಅಜ್ಜ ಮೊದಲು ತುಟಿ ಸವರಿಕೊಂಡ, ಆಮೇಲೆ ಮೀಸೆ ತಿರುವಿದ. "ನಿಮ್ಮ ಚಿಗವ್ವಗ ಹೇಳು, ಸೋತಳಂತ."

"ಅಜ್ಜಗ ಹೇಳವಾ, ಹೌದು, ಸೋತೆ. ಮನಿ ಹಿರ್ಯಾ ನೆಲ ಹಿಡದ ಮ್ಯಾಲೆ ಗೆದ್ದು ಏನ್ ಮಾಡೂದೈತಿ ಅಂತ."

ಅಂದಿನಿಂದ ಎಲ್ಲರ ಊಟಕ್ಕೂ ಉಪ್ಪು ಬಂತು. ಅಜ್ಜ ತನ್ನ ಗೆಲುವನ್ನು ಓಣಿತುಂಬ ಹೇಳಿಕೊಂಡು ಬಂದ. ನನಗೆ ಮೈಯೆಲ್ಲ ಉರಿಯಿತು. "ಚಿಗವ್ವ ಇನ್ನೂ ಸಪ್ಪನ್ನ ಉಣ್ಣಾಕತ್ಯಾಳ" ಅಂದುಬಿಟ್ಟೆ.

ಅಜ್ಜ ನಂಬಲಿಲ್ಲ. ಎಂದೂ ಅಡಿಗೆಮನೆಯ ಹೊಸ್ತಿಲು ದಾಟದವನು ಅಂದು ದಾಟಿದ. ಚಿಗವ್ವ ಗಡಬಡಿಸಿ ಸೆರಗು ಎಳೆದುಕೊಂಡು ಎದ್ದು ನಿಂತಳು. ಸೊಸೆಯ ಎಂಜಲು ತಾಟಿನಲ್ಲಿ ಅಜ್ಜ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡ.

"ಸೋತೆ ಅಂತ ಅಂದಿದ್ದಿ ಅಲ್ಲ?" ಎಂದ. ನನಗಲ್ಲ, ಅವಳಿಗೇ.

ಚಿಗವ್ವ ಸೆರಗಿನ ಮರೆಯಿಂದಲೇ ಅಂದಳು. "ನಿಮ್ಮ ಜೀವಕ್ಕ ಸೋತೇನ್ರಿ ಮಾವಾರ. ಹುಡುಗಿ ಸಾಲಿ ಇನ್ನೂ ಹಂಗ ನಿಂತೈತಲ್ರಿ."

ಅಜ್ಜ ಉಪ್ಪಿನ ಗಡಿಗೆಗೆ ಕೈಹಾಕಿ, ಹಿಡಿತುಂಬ ಉಪ್ಪು ತೆಗೆದು ಅವಳ ತಾಟಿಗೆ ಹಾಕಿದ. "ಉಣ್ಣವಾ ಮಗಳ. ನಾಳಿಗೆ ಹುಡುಗೀನ ನಾನ ಸಾಲಿಗೆ ಬಿಟ್ಟ ಬರ್ತೇನಿ."

ಜನ್ಮದಲ್ಲಿ ಯಾರಿಗೂ ಬಡಿಸಿ ಗೊತ್ತಿಲ್ಲದ ಕೈ ಅದು. ಆ ಉಪ್ಪು ಇಡೀ ಮನೆಯ ಸಾರಿಗೆ ಸಾಲುತ್ತಿತ್ತು. ಬಾಯಿಗಿಟ್ಟರೆ ಸುಡುವಂಥ ಆ ಬೇಳೆಯನ್ನು ಚಿಗವ್ವ ಒಂದು ಹನಿ ಬಿಡದೆ, ರೊಟ್ಟಿಯ ಚೂರಿನಿಂದ ತಾಟು ಒರೆಸಿ ಉಂಡಳು. ಉಂಡು ಒಂದು ಕೊಡ ನೀರು ಕುಡಿದಳು.